ವಿಜಯನಗರದ ಪಿನ್‌ಕೋಡಿಗೆ 64 ಭಾಜಕಗಳು

ಒಂದೇ ಹೆಸರಿನ ಹತ್ತಾರು ಊರುಗಳು, ಹಲವು ಭಾಷೆಗಳ ವಿಳಾಸಗಳು ಅಂಚೆಯವರನ್ನು ಗೊಂದಲಕ್ಕೆ ಕೆಡವುತ್ತಿದ್ದ ಕಾಲದಲ್ಲಿ, 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂತು. ಅದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್. ಮೊದಲ ಮೂರು ಅಂಕಿ 560 ಅಂದರೆ ಬೆಂಗಳೂರು. ಉಳಿದ ಮೂರು ಬಡಾವಣೆಯ ಅಂಚೆ ಕಚೇರಿಯವು. ಅಂಚೆಯವರಿಗೆ ಅಷ್ಟು ಸಾಕು. ಆದರೆ ಆ ಆರಂಕಿಯ ಸಂಖ್ಯೆಗೆ ಯಾವ ಇಲಾಖೆಯೂ ಕೊಡದ, ಯಾರೂ ಬದಲಿಸಲಾಗದ ಗುಣಗಳಿವೆ.

ವಿಜಯನಗರದ 560040 ನೋಡಿ. ಅವಿಭಾಜ್ಯ ಸಂಖ್ಯೆಗಳಾಗಿ ಬಿಡಿಸಿದರೆ ಅದು 2×2×2×3×5×13×359. ಭಾಜಕವೊಂದನ್ನು ಕಟ್ಟುವಾಗ 2 ಅನ್ನು ಬಿಟ್ಟುಬಿಡಬಹುದು, ಇಲ್ಲವೇ ಒಂದು, ಎರಡು, ಮೂರು ಸಲ ಬಳಸಬಹುದು. ಅಲ್ಲಿಗೆ ನಾಲ್ಕು ದಾರಿ. ಮಿಕ್ಕ ನಾಲ್ಕರಲ್ಲಿ ಪ್ರತಿಯೊಂದಕ್ಕೂ ಎರಡು ದಾರಿ, ಬಳಸುವುದು ಅಥವಾ ಬಿಡುವುದು. ಹೀಗೆ ಒಟ್ಟು 64 ಭಾಜಕಗಳು. ಅವನ್ನು ಕೂಡಲು 64 ಸಾಲು ಬರೆಯಬೇಕಿಲ್ಲ: (1+2+4+8)×(1+3)×(1+5)×(1+13)×(1+359), ಅಂದರೆ 15×4×6×14×360. ಉತ್ತರ 18,14,400. ಈ ಮೊತ್ತ ನನ್ನನ್ನು ಬೆರಗುಗೊಳಿಸಿತು. 1ರಿಂದ 10ರವರೆಗಿನ ಸಂಖ್ಯೆಗಳನ್ನೆಲ್ಲ ಗುಣಿಸಿದರೆ ಬರುವುದು 36,28,800. ಇದು ಅದರ ಸರಿಯಾದ ಅರ್ಧ!

ಕ್ರಿ.ಶ. 100ರ ಸುಮಾರಿನ ಗ್ರೀಕ್ ಗಣಿತಜ್ಞ ನಿಕೋಮೇಕಸ್ ಸಂಖ್ಯೆಗಳನ್ನು ವಿಂಗಡಿಸಿದ್ದು ಇಂಥ ಮೊತ್ತದಿಂದಲೇ. ಸಂಖ್ಯೆಯನ್ನೇ ಹೊರಗಿಟ್ಟು ಉಳಿದ ಭಾಜಕಗಳನ್ನು ಕೂಡಬೇಕು. ಮೊತ್ತ ಆ ಸಂಖ್ಯೆಗೆ ಸಮವಾದರೆ ಅದು 6, 28ರಂತೆ ಪರಿಪೂರ್ಣ; ಮೀರಿದರೆ ಅಧಿಕ; ಮುಟ್ಟದಿದ್ದರೆ ಊನ. ವಿಜಯನಗರದ ಮೊತ್ತ 12,54,360, ಹಾಗಾಗಿ ಅಧಿಕ. ರಾಜಾಜಿನಗರದ 560010, ಕೆಂಗೇರಿಯ 560060 ಕೂಡ ಅಧಿಕವೇ. ಬಸವೇಶ್ವರನಗರದ 560079 ಮಾತ್ರ ಊನ. ಅದರ ಮೊತ್ತ 3,11,337ಕ್ಕೇ ನಿಲ್ಲುತ್ತದೆ.

ಹಾಗಿದ್ದರೂ ವಿಜಯನಗರಕ್ಕೂ ಬಸವೇಶ್ವರನಗರಕ್ಕೂ ಒಂದು ನಂಟಿದೆ. ಎರಡು ಸಂಖ್ಯೆಗಳ ಸಾಮಾನ್ಯ ಭಾಜಕ ಅವುಗಳ ವ್ಯತ್ಯಾಸವನ್ನೂ ಭಾಗಿಸಲೇಬೇಕು. ಇಲ್ಲಿ ವ್ಯತ್ಯಾಸ 39, ಅತಿ ದೊಡ್ಡ ಸಾಮಾನ್ಯ ಭಾಜಕ (ಮ.ಸಾ.ಅ.) ಕೂಡ 39! ಒಂದು 39×14,360, ಇನ್ನೊಂದು 39×14,361. ನಡುವೆ 39ರ ಬೇರೆ ಗುಣಕವೇ ಇಲ್ಲ.

ಇವೆರಡರ ಸಮೀಪದ ಮಾಗಡಿ ರಸ್ತೆಯದು ಬೇರೆಯೇ ಜಾತಿ. 560023 ಅವಿಭಾಜ್ಯ. ಅದನ್ನು ಖಚಿತಪಡಿಸಿಕೊಳ್ಳಲು ಅದರ ವರ್ಗಮೂಲದವರೆಗಿನ, ಅಂದರೆ 748ರೊಳಗಿನ 132 ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. 2, 3, 5 ಕೂಡಲೇ ತೀರುತ್ತವೆ. 7 ಇನ್ನೂ ಸುಲಭ: 5,60,000 ಏಳರ ಗುಣಕವಾದ್ದರಿಂದ 560ರಿಂದ ಶುರುವಾಗುವ ಯಾವ ಪಿನ್‌ಕೋಡಿನಲ್ಲೂ ಕೊನೆಯ ಮೂರು ಅಂಕಿ ನೋಡಿದರೆ ಸಾಕು, 23 ಏಳರಿಂದ ಭಾಗವಾಗದು. ಅಲ್ಲಿಂದಾಚೆಗೆ ಅಡ್ಡದಾರಿ ಕಡಿಮೆ, ತಾಳ್ಮೆಯೇ ಹೆಚ್ಚು. ಕೊನೆಯ 743ರಿಂದ ಭಾಗಿಸಿದಾಗ 544 ಶೇಷ ಉಳಿಯುತ್ತದೆ. ಮುಂದಿನ ಅವಿಭಾಜ್ಯ 751ರ ವರ್ಗ 5,64,001, ಅದು ನಮ್ಮ ಸಂಖ್ಯೆಯನ್ನೇ ದಾಟಿರುವುದರಿಂದ ಹುಡುಕಾಟ ಅಲ್ಲಿಗೆ ಮುಗಿಯುತ್ತದೆ.