ಮಾಡಿದವನು ಯಾರು, ಮಾಡಿಸಿದವನು ಯಾರು?

ಶ್ರವಣಬೆಳಗೊಳದ ಬೆಟ್ಟವನ್ನೇರಿ, ಸುಮಾರು 57 ಅಡಿ ಎತ್ತರದ ಗೊಮ್ಮಟಮೂರ್ತಿಯ ಮುಂದೆ ನಿಂತವರು ತಲೆಯೆತ್ತಿ ಮುಖವನ್ನು ನೋಡುವುದು ಸಹಜ. ನಾವು ಈಗ ಪಾದಗಳ ಬಳಿಯ ಬರಹವನ್ನು ನೋಡೋಣ. ಆ ಮೂರ್ತಿಯು ಚಾವುಂಡರಾಯನಿಂದಾದುದೆಂದು ಅಲ್ಲಿ ಕನ್ನಡ, ತಮಿಳು, ಮರಾಠಿ ಈ ಮೂರು ಭಾಷೆಗಳಲ್ಲಿ ಕೊರೆದಿದೆ. ಕನ್ನಡದ ಕ್ರಿಯಾಪದ ‘ಮಾಡಿಸಿದಂ’, ತಮಿಳಿನದು ‘ಶೆಯ್ವಿತ್ತಾನ್’, ಮರಾಠಿಯದು ‘ಕರವಿಯಲೆಂ’. ಮೂರರಲ್ಲಿ ಒಂದಾದರೂ ‘ಮಾಡಿದನು’ ಎನ್ನುವುದಿಲ್ಲ. ಉಳಿ ಹಿಡಿದವನು ರಾಯನಲ್ಲವೆಂಬ ಸತ್ಯವನ್ನು ಮೂರು ಭಾಷೆಗಳೂ ಒಂದೊಂದು ಸಣ್ಣ ಪ್ರತ್ಯಯದಲ್ಲಿ ಅಡಗಿಸಿಟ್ಟಿವೆ.

ಕನ್ನಡದಲ್ಲಿ ಆ ಪ್ರತ್ಯಯವು ‘ಇಸು’ ಎಂಬುದನ್ನು ವಾಚಕರು ಬಲ್ಲರು. ಓಡು, ಓಡಿಸು, ಮಲಗು, ಮಲಗಿಸು, ಕಲಿ, ಕಲಿಸು. (ಯೋಚಿಸು, ಪ್ರಯತ್ನಿಸು ಎಂಬಲ್ಲಿರುವ ‘ಇಸು’ ಬೇರೆ, ಅದು ಸಂಸ್ಕೃತದ ನಾಮಪದಗಳನ್ನು ಕನ್ನಡದ ಕ್ರಿಯಾಪದಗಳನ್ನಾಗಿ ಮಾಡುವುದೇ ಹೊರತು ಪ್ರೇರಣೆಯನ್ನು ಹೇಳುವುದಿಲ್ಲ.) ಈ ಪ್ರತ್ಯಯ ಸೇರಿದೊಡನೆ ವಾಕ್ಯದಲ್ಲಿ ಇನ್ನೊಬ್ಬನಿಗೆ ಸ್ಥಳವಾಗುತ್ತದೆ. ‘ಮಗು ಮಲಗಿತು’ ಎಂಬಲ್ಲಿ ಒಬ್ಬರೇ. ‘ತಾಯಿ ಮಗುವನ್ನು ಮಲಗಿಸಿದಳು’ ಎಂಬಲ್ಲಿ ಇಬ್ಬರು. ಹೊಸದಾಗಿ ಬಂದ ತಾಯಿ ಕರ್ತೃವಿನ ಪೀಠವನ್ನು ಏರಿದಳು. ಮೊದಲಿದ್ದ ಕರ್ತೃವು ದ್ವಿತೀಯಾ ವಿಭಕ್ತಿಗೆ ಇಳಿಯಿತು.

ಆದರೆ ಆ ಸ್ಥಳದಲ್ಲಿ ಮೊದಲೇ ಬೇರೊಂದು ಕರ್ಮವು ಕುಳಿತಿದ್ದರೆ? ಆಗ ಕೆಳಗಿಳಿದ ಕರ್ತೃವಿಗೆ ಭಾಷೆಯು ಬೇರೆ ಆಸರೆಯನ್ನು ಹುಡುಕಬೇಕು. ‘ಯಜಮಾನನು ಆಳಿನಿಂದ ಮರವನ್ನು ಕಡಿಸಿದನು’ ಎನ್ನುತ್ತೇವೆ. ‘ತಾಯಿ ಮಗುವಿಗೆ ಹಾಲನ್ನು ಕುಡಿಸಿದಳು’ ಎನ್ನುತ್ತೇವೆ. ಒಂದೆಡೆ ‘ಇಂದ’, ಇನ್ನೊಂದೆಡೆ ‘ಗೆ’. ‘ಕೊಡಲಿಯಿಂದ ಕಡಿದನು’ ಎಂಬಲ್ಲಿ ಕೊಡಲಿಗೆ ಯಾವ ವಿಭಕ್ತಿಯೋ ಆಳಿಗೂ ಅದೇ ವಿಭಕ್ತಿ! ಮರ ಕಡಿಯುವ ಕೆಲಸದ ಫಲವು ಮರಕ್ಕೆ ಸೇರಿದುದು, ಆಳು ಕೇವಲ ಸಾಧನ. ಹಾಲಾದರೋ ಮಗುವಿನ ಹೊಟ್ಟೆಯನ್ನೇ ಸೇರುತ್ತದೆ. ಆದುದರಿಂದ ಮಗು ಸಾಧನವಲ್ಲ, ಫಲವನ್ನು ಪಡೆಯುವ ವ್ಯಕ್ತಿ. ಉಣಿಸು, ತಿನ್ನಿಸು, ತಿಳಿಸು, ಕಲಿಸು ಇವೆಲ್ಲವೂ ‘ಗೆ’ಯನ್ನೇ ಬಯಸುತ್ತವೆ.

ಇದು ಕನ್ನಡದ್ದೊಂದೇ ವಿಚಿತ್ರವಲ್ಲ. ಕ್ರಿಸ್ತಪೂರ್ವದಲ್ಲಿಯೇ ಪಾಣಿನಿಯು ತನ್ನ ಅಷ್ಟಾಧ್ಯಾಯಿಯ ಒಂದು ಸೂತ್ರದಲ್ಲಿ ಚಲನೆ, ಜ್ಞಾನ, ಭೋಜನ ಮೊದಲಾದ ಅರ್ಥಗಳ ಧಾತುಗಳನ್ನು ಬೇರೆಯಾಗಿ ಎಣಿಸಿದ್ದಾನೆ. ಅವು ಪ್ರೇರಣಾರ್ಥಕವಾದಾಗ ಹಳೆಯ ಕರ್ತೃವು ಕರ್ಮವಾಗುತ್ತದೆ; ಉಳಿದ ಸಕರ್ಮಕ ಧಾತುಗಳಲ್ಲಿ ಸಾಮಾನ್ಯವಾಗಿ ತೃತೀಯಾ ವಿಭಕ್ತಿಯನ್ನು ಪಡೆಯುತ್ತದೆ. ವಿಭಕ್ತಿಗಳು ಬೇರೆಯಾದರೂ, ತಿಳಿಯುವವನನ್ನೂ ತಿನ್ನುವವನನ್ನೂ ಕೂಲಿಯಾಳಿನಂತೆ ಕಾಣಬಾರದೆಂಬ ವಿವೇಕದಲ್ಲಿ ಎರಡು ಭಾಷೆಗಳೂ ಒಂದಾಗಿರುವುದು ಆಶ್ಚರ್ಯಕರವಲ್ಲವೆ?

‘ಇಂದ’ವನ್ನು ಬಿಟ್ಟೂ ವಾಕ್ಯವನ್ನು ಹೇಳಬಹುದು. ‘ಅರಸನು ಕೆರೆಯನ್ನು ಕಟ್ಟಿಸಿದನು’. ಕಲ್ಲು ಹೊತ್ತವರ ಹೆಸರು ಇಲ್ಲ. ಆದರೂ ಅವರಿದ್ದರೆಂಬುದಕ್ಕೆ ‘ಇಸು’ ಸಾಕ್ಷಿ ನುಡಿಯುತ್ತದೆ. ಇಂಗ್ಲಿಷಿನಲ್ಲಿ ಈ ಸಾಕ್ಷಿಯೂ ಅನೇಕ ವೇಳೆ ಇಲ್ಲ. ಷಹಜಹಾನನು ತಾಜಮಹಲನ್ನು ‘ಕಟ್ಟಿದನು’ ಎಂದೇ ಅವರ ಪುಸ್ತಕಗಳು ನಿಸ್ಸಂಕೋಚವಾಗಿ ಹೇಳುತ್ತವೆ. ಅದನ್ನು ಹಾಗೆಯೇ ಕನ್ನಡಕ್ಕೆ ತಂದರೆ, ಬಾದಷಹನು ಗಾರೆ ಕಲಸುತ್ತಿರುವ ಚಿತ್ರ ನಮ್ಮ ಕಣ್ಣಿಗೆ ಕಟ್ಟುತ್ತದೆ. ಹಿಂದಿಯಾದರೋ ಮೂರು ಮೆಟ್ಟಿಲುಗಳನ್ನೇ ಇಟ್ಟುಕೊಂಡಿದೆ: ಬನನಾ, ಬನಾನಾ, ಬನವಾನಾ, ತಾನಾಗಿ ಆಗುವುದು, ಮಾಡುವುದು, ಮಾಡಿಸುವುದು.

ಎಲ್ಲ ಧಾತುಗಳಿಗೂ ಪ್ರತ್ಯಯ ಬೇಕೆಂದಿಲ್ಲ. ‘ಕೊಂಬೆ ಮುರಿಯಿತು’, ‘ಹುಡುಗನು ಕೊಂಬೆಯನ್ನು ಮುರಿದನು’ ಎರಡರಲ್ಲಿಯೂ ಧಾತು ಒಂದೇ. ಆದರೆ ನೀರು ಕುದಿಯುತ್ತದೆ, ನಾವು ‘ಕುದಿಸು’ತ್ತೇವೆ; ಬಟ್ಟೆ ಒಣಗುತ್ತದೆ, ನಾವು ‘ಒಣಗಿಸು’ತ್ತೇವೆ. ಈ ಭೇದಕ್ಕೆ ಕಾರಣವೇನು? 1993ರಲ್ಲಿ ಜರ್ಮನಿಯ ಮಾರ್ಟಿನ್ ಹಾಸ್ಪೆಲ್ಮಾತ್ ಎಂಬ ಭಾಷಾವಿಜ್ಞಾನಿ 21 ಭಾಷೆಗಳಲ್ಲಿ ಇಂತಹ 31 ಜೋಡಿಗಳನ್ನು ಹೋಲಿಸಿ ನೋಡಿದನು. ಕುದಿಯುವುದು, ಒಣಗುವುದು ಮೊದಲಾಗಿ ತಾವಾಗಿ ನಡೆಯುವಂತೆ ತೋರುವ ಘಟನೆಗಳಲ್ಲಿ, ಮಾಡಿಸುವ ಅರ್ಥಕ್ಕೇ ಪ್ರತ್ಯಯ ಸೇರುವುದು ಹೆಚ್ಚು. ಮುರಿಯುವುದು, ಸೀಳುವುದು ಮೊದಲಾಗಿ ಹೊರಗಿನ ಕೈಯನ್ನು ಬೇಡುವ ಘಟನೆಗಳಲ್ಲಿ ಇದಕ್ಕೆ ವಿಪರೀತ. ಅಗ್ಗದ ರೂಪವನ್ನು ಭಾಷೆಯು ನಿರೀಕ್ಷಿತ ಘಟನೆಗೆ ಕೊಡುತ್ತದೆ. ಅನಿರೀಕ್ಷಿತಕ್ಕೆ ಒಂದು ಅಕ್ಷರದ ಸುಂಕವನ್ನು ವಿಧಿಸುತ್ತದೆ. ನಮ್ಮ ‘ಮುರಿ’, ‘ಕುದಿ’ಗಳು ಈ ಲೆಕ್ಕಕ್ಕೆ ಹೊಂದುತ್ತವೆ.

ಹಾಗಾದರೆ ಮಾತು ಕಲಿಯುತ್ತಿರುವ ಮಗು ಪ್ರೇರಣೆಯನ್ನು ಯಾವುದರಿಂದ ಗುರುತಿಸುತ್ತದೆ? ‘ಇಸು’ವಿನಿಂದಲೋ, ವಾಕ್ಯದಲ್ಲಿರುವ ನಾಮಪದಗಳ ಸಂಖ್ಯೆಯಿಂದಲೋ? ಜೆಫ್ರಿ ಲಿಡ್ಸ್, ಹೆನ್ರಿ ಗ್ಲೈಟ್‌ಮನ್, ಲೈಲಾ ಗ್ಲೈಟ್‌ಮನ್ ಎಂಬ ಅಮೆರಿಕದ ವಿದ್ವಾಂಸರು ಇದನ್ನು ತಿಳಿಯಲು ಕನ್ನಡವನ್ನೇ ಆರಿಸಿಕೊಂಡರು. ಅವರ ವರದಿಯು 2003ರಲ್ಲಿ ಪ್ರಕಟವಾಯಿತು. ಮೂರು ವರ್ಷದ ಕನ್ನಡ ಮಕ್ಕಳ ಕೈಗೆ ಆಟಿಕೆಯ ಪ್ರಾಣಿಗಳನ್ನು ಕೊಟ್ಟು, ಕೇಳಿದ ವಾಕ್ಯವನ್ನು ಆಡಿ ತೋರಿಸುವಂತೆ ಹೇಳಲಾಯಿತು. ಕೆಲವು ವಾಕ್ಯಗಳು ಬೇಕೆಂದೇ ತಪ್ಪಾಗಿದ್ದವು: ಎರಡು ನಾಮಪದಗಳಿದ್ದರೂ ‘ಇಸು’ ಇಲ್ಲ, ಅಥವಾ ‘ಇಸು’ ಇದ್ದರೂ ನಾಮಪದ ಒಂದೇ. ಮಕ್ಕಳು ಪ್ರತ್ಯಯವನ್ನು ಲಕ್ಷಿಸಲಿಲ್ಲ. ನಾಮಪದಗಳು ಎರಡಿದ್ದರೆ ಒಂದು ಪ್ರಾಣಿ ಇನ್ನೊಂದರಿಂದ ಕೆಲಸ ಮಾಡಿಸಿತು. ಒಂದೇ ಇದ್ದರೆ ಅದು ತಾನೇ ಮಾಡಿತು. ದಿನವೂ ಕಿವಿಗೆ ಬೀಳುವ ‘ಇಸು’ವಿಗಿಂತ, ವಾಕ್ಯದಲ್ಲಿ ಎಷ್ಟು ಮಂದಿ ಇದ್ದಾರೆಂಬ ಲೆಕ್ಕವೇ ಆ ವಯಸ್ಸಿನಲ್ಲಿ ಮೇಲಾಯಿತು.

ಮನೆಯಲ್ಲಿ ಮೂರು ವರ್ಷದ ತಮ್ಮನೋ ತಂಗಿಯೋ ಇದ್ದರೆ ವಾಚಕರು ತಾವೇ ಇದನ್ನು ಮಾಡಿ ನೋಡಬಹುದು. ಒಂದು ಕುದುರೆ, ಒಂದು ಮೊಸಳೆ. ಎರಡು ಗೊಂಬೆಗಳು ಸಾಕು.