ಹಿತ್ತಿಲ ಕೊಳದ ನೀರು ಎಲ್ಲಿಂದ ಬರುತ್ತದೆ?

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡು ಶರಾವತಿ ಕಣಿವೆಯಲ್ಲಿ ನೀರು ಏರಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಮನೆ, ಗದ್ದೆ, ಅಡಿಕೆ ತೋಟಗಳು ಮುಳುಗಿದವು. ಅವುಗಳೊಂದಿಗೆ ಮನೆಯ ಹಿಂದೆ, ಧರೆಯ ಬುಡದಲ್ಲಿದ್ದ ಸಣ್ಣ ಕೊಳಗಳೂ ಹೋದವು. ಮುಳುಗಡೆಯ ನೆನಪಿನಲ್ಲಿ ಮನೆ, ತೋಟಗಳಿಗೆ ಸಿಕ್ಕ ಜಾಗ ಈ ಕೊಳಗಳಿಗೆ ಸಿಕ್ಕಿಲ್ಲ. ಆದರೆ ತೋಟ ಉಳಿದದ್ದು ಅವುಗಳಿಂದಲೇ.

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇಂಥ ಸೀಮೆಯಲ್ಲಿ ಹಿತ್ತಿಲಿಗೊಂದು ಕೊಳವೇಕೆ ಎಂದು ಬಯಲುಸೀಮೆಯವರಿಗೆ ಅನ್ನಿಸಬಹುದು. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಏಪ್ರಿಲ್ ಹೊತ್ತಿಗೆ ಹಿನ್ನೀರಿನ ಅಂಚಿನ ಊರುಗಳಲ್ಲೂ ಕುಡಿಯುವ ನೀರಿಗೆ ಪರದಾಟ.

ಕೊಳದ ಗುಟ್ಟು ನೆಲದೊಳಗಿದೆ. ಮಲೆನಾಡಿನ ಗುಡ್ಡಗಳ ಮೇಲ್ಪದರ ಬಹಳ ಕಡೆ ಜಂಬಿಟ್ಟಿಗೆ. ತೂತು ತೂತಾದ ಈ ಕಲ್ಲು ಮಳೆನೀರನ್ನು ಕುಡಿಯುತ್ತದೆ. ಅದರ ಕೆಳಗೆ ಶೇಡಿ ಮಣ್ಣು. ಹಳೆಯ ಮನೆಗಳ ಗೋಡೆಗೆ ಚಿತ್ತಾರ ಬರೆಯಲು ಬಳಸುವ ಬಿಳಿ ಜೇಡಿ ಇದೇ. ಅದು ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಹಾಗಾಗಿ ಇಂಗಿದ ನೀರು ಶೇಡಿಯ ಮೇಲೆ ಜಾರುತ್ತಾ ಬಂದು ಗುಡ್ಡದ ಬುಡದಲ್ಲಿ ಒರತೆಯಾಗಿ ಜಿನುಗುತ್ತದೆ. ಆ ಜಿನುಗನ್ನು ಹಿಡಿಯುವ ಗುಂಡಿಯೇ ಕೊಳ.

ಜಾಗವನ್ನು ನೋಡಬೇಕಾದುದು ಬೇಸಿಗೆಯ ಕೊನೆಯಲ್ಲಿ. ಮಳೆಗಾಲದಲ್ಲಿ ಎಲ್ಲಿ ಅಗೆದರೂ ನೀರೇ! ಆಗಲೂ ತೇವ ಆರದ ನೆಲ ನಂಬಿಕೆಗೆ ಅರ್ಹ. ಮೇಲಿನ ಸಡಿಲ ಮಣ್ಣು ಕುಸಿಯದಂತೆ ಮೆಟ್ಟಿಲು ಮೆಟ್ಟಿಲಾಗಿ ಅಗೆದು ಜಂಬಿಟ್ಟಿಗೆ ಕಲ್ಲು ಕಟ್ಟಬೇಕು. ಗಾರೆ ಮೆತ್ತಬಾರದು, ಒರತೆ ಒಳಬರುವುದು ಕಲ್ಲಿನ ಸಂದಿಯಿಂದಲೇ. ಕೃಷಿ ಹೊಂಡ ನೋಡಿದವರು ಇಲ್ಲೂ ಪ್ಲಾಸ್ಟಿಕ್ ಹಾಸಲು ಹೊರಡುವುದುಂಟು. ಬಯಲುಸೀಮೆಯಲ್ಲಿ ಅದು ಸರಿ, ಅಲ್ಲಿ ನೀರು ಇಂಗಿಹೋಗದಂತೆ ತಡೆಯಬೇಕು. ಒರತೆಯ ಜಾಗದಲ್ಲಿ ಹಾಸಿದರೆ ಬರುವ ನೀರಿಗೇ ಅಡ್ಡಿ, ಮಳೆಗಾಲದಲ್ಲಿ ಅಡಿಯ ನೀರಿನ ಒತ್ತಡಕ್ಕೆ ಹಾಳೆ ಉಬ್ಬಿ ಮೇಲೇಳುತ್ತದೆ. ಒರತೆಯೇ ಇಲ್ಲದ ಕಡೆ ಮಾತ್ರ ಹದವಾದ ಜೇಡಿಮಣ್ಣನ್ನು ಪದರ ಪದರವಾಗಿ ತುಳಿದು ಗಟ್ಟಿ ಮಾಡಬೇಕು. ಅದನ್ನು ಒಣಗಲು ಬಿಟ್ಟರೆ ಬಿರುಕು ಬಿಡುತ್ತದೆ.

ಕೋಡಿ ಮರೆತವರ ಕೊಳ ಮೊದಲ ಮಳೆಗಾಲದಲ್ಲೇ ಒಡೆಯುತ್ತದೆ. ಹೊಸನಗರ ತಾಲ್ಲೂಕಿನ ನಗರದ ಬಳಿ ಕೆಳದಿ ಅರಸರ ಕಾಲದ ದೇವಗಂಗೆಯನ್ನು ನೋಡಿದವರಿಗೆ ಹರಿವಿನ ಮಹತ್ವ ತಿಳಿಯುತ್ತದೆ. ಅಲ್ಲಿ ಗುಡ್ಡದ ಒರತೆ ಬೇರೆ ಬೇರೆ ಆಕಾರದ ಕೊಳಗಳಿಗೆ ಹರಿಯುತ್ತದೆ. ಹಿತ್ತಿಲಿನಲ್ಲೂ ಹೆಚ್ಚಿನ ನೀರು ಕಲ್ಲು ಹಾಸಿದ ಕಾಲುವೆಯಲ್ಲಿ ತೋಟಕ್ಕೆ ಹೋಗುವಂತಿರಬೇಕು.

ಕಟ್ಟುವುದಕ್ಕಿಂತ ಕಾಯುವುದು ಕಷ್ಟ. ಬಿದಿರು, ಹಲಸು ಮೇಲೆಯೇ ಇದ್ದರೆ ತರಗೆಲೆ ಬಿದ್ದು ಕೊಳೆತು ನೀರು ಕಪ್ಪಾಗುತ್ತದೆ, ಬೇರು ಕಟ್ಟೆಯನ್ನು ಸಡಿಲಿಸುತ್ತದೆ. ಸೊಳ್ಳೆಯ ಭಯದಿಂದ ಕೊಳ ಮುಚ್ಚುವವರೂ ಇದ್ದಾರೆ. ಮೊಟ್ಟೆ ಸೊಳ್ಳೆಯಾಗಲು ಬೆಚ್ಚಗಿನ ದಿನಗಳಲ್ಲಿ ಎಂಟು-ಹತ್ತು ದಿನ ಸಾಕೆಂಬುದು ನಿಜ. ಆದರೆ ಸಣ್ಣ ಮೀನು, ಏರೋಪ್ಲೇನ್ ಚಿಟ್ಟೆಯ ಮರಿಗಳಿರುವ ನೀರಿನಲ್ಲಿ ಅದರ ಹುಳುಗಳು ಬದುಕುವುದು ಕಷ್ಟ. ಇದಕ್ಕೆ ಹಳ್ಳದ ಮೀನೇ ಮೇಲು. ಅಮೆರಿಕ ಮೂಲದ ಗಂಬೂಸಿಯಾ ಮೀನು ಕಪ್ಪೆಯ ಗೊದಮೊಟ್ಟೆಯನ್ನೂ ಬಿಡುವುದಿಲ್ಲ. ಅಂತರಗಂಗೆಯನ್ನು ಹೂವಿನ ಆಸೆಗೆ ಬಿಟ್ಟವರು ಒಂದೇ ಮಳೆಗಾಲದಲ್ಲಿ ಪಶ್ಚಾತ್ತಾಪಪಟ್ಟಾರು. ಮಕ್ಕಳಿರುವ ಮನೆಯಲ್ಲಿ ಬೇಲಿ ಕಡ್ಡಾಯ.

ಅರಸರ ಕೊಳಕ್ಕೂ ಹೂಳು ತಪ್ಪಲಿಲ್ಲ. ಸಾಗರ ತಾಲ್ಲೂಕಿನ ಆನಂದಪುರದ ಬಳಿ, ನಡುವೆ ಗುಡಿಯಿರುವ ಚಂಪಕ ಸರಸು ಬಹುಕಾಲ ಹೂಳು ತುಂಬಿ ಪಾಳುಬಿದ್ದಿತ್ತು. ಅದಕ್ಕೆ ಮತ್ತೆ ಜೀವ ಬಂದದ್ದು ಹೂಳೆತ್ತಿದ ಮೇಲೆಯೇ.

ಹಿತ್ತಿಲಿನ ಕೊಳಗಳು ಪಾಳುಬಿದ್ದುದಕ್ಕೆ ಒಂದು ಕಾರಣ ವಿದ್ಯುತ್ತು. ಪಂಪ್ ಬಂತು, ಕೊಳವೆ ಬಾವಿ ಬಂತು, ವರ್ಷಕ್ಕೊಮ್ಮೆ ಕೆಸರಿಗಿಳಿಯುವ ಕೆಲಸ ಯಾರಿಗೂ ಬೇಡವಾಯಿತು. ಒಂದಿಷ್ಟು ಕೊಳಗಳನ್ನು ಶರಾವತಿಯ ನೀರು ಮುಳುಗಿಸಿತು, ಉಳಿದವನ್ನು ಶರಾವತಿಯ ಕರೆಂಟು ಮರೆಸಿತು ಎಂದರೆ ತೀರಾ ಅತಿಶಯೋಕ್ತಿಯಲ್ಲ.

ಇರುವ ಕೊಳವನ್ನು ಉಳಿಸಿಕೊಳ್ಳುವವರಿಗೆ ನೀರು ತಳ ಸೇರುವ ಏಪ್ರಿಲ್, ಮೇ ತಿಂಗಳು ಹೂಳೆತ್ತುವ ಕಾಲ. ತೆಗೆದ ಹೂಳು ಅಡಿಕೆ ಮರದ ಬುಡಕ್ಕೆ ಒಳ್ಳೆಯ ಗೊಬ್ಬರ. ಹಾರೆಯನ್ನು ಶೇಡಿಯ ಪದರಕ್ಕೆ ತಾಗಿಸಬಾರದು, ಮೊದಲ ಮಳೆಯ ಕೆಂಪು ನೀರನ್ನು ಕೊಳಕ್ಕೆ ಬಿಡದೆ ಪಕ್ಕದ ಕಾಲುವೆಗೆ ತಿರುಗಿಸಬೇಕು.