ಸೇಡಂ ಸೀಮೆಯ ನುಡಿಯೂ ಪರಿಹಾಸವೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕನ್ನಡವು ಒರಟೆಂದೂ ಉರ್ದುಮಿಶ್ರಿತವೆಂದೂ ನಾಟಕ ಚಲಚ್ಚಿತ್ರಗಳಲ್ಲಿ ಪರಿಹಾಸಕ್ಕೆ ಗುರಿಯಾಗುತ್ತಿರುವುದು ವಿದಿತವೇ ಆಗಿದೆ. ಪಾಠಶಾಲೆಯ ಮಕ್ಕಳೂ ಮನೆಮಾತಿಗೆ ನಾಚುವಂತಾಗಿರುವುದರಿಂದ ಅಧ್ಯಾಪಕರು ಇದನ್ನು ವಿಚಾರಿಸತಕ್ಕದ್ದು.

'ಮನೆ' 'ಮನಿ'ಯಾಗುವಂತೆಯೇ 'ತಲೆ' 'ತಲಿ'ಯೂ 'ಎಲೆ' 'ಎಲಿ'ಯೂ ಆಗುವುವು. ಪದಾಂತದ ಎಕಾರಕ್ಕೆ ಇಕಾರವೆಂಬ ಈ ನಿಯಮವು ಧಾರವಾಡದವರೆಗೂ ವ್ಯಾಪಿಸಿದೆ. ನಿಯಮಬದ್ಧವಾದುದನ್ನು ಅಪಭ್ರಷ್ಟವೆನ್ನುವುದೆಂತು? ಆದರೆ ಧಾರವಾಡದವರು 'ಐತಿ' ಎನ್ನುವಲ್ಲಿ ಇಲ್ಲಿಯವರು 'ಅದ' ಎನ್ನುವರು. ಅಣಕಿಸುವ ನಟರಿಗೆ ಈ ಭೇದವೇ ತಿಳಿಯದು! ಇನ್ನು ಉರ್ದುಮಿಶ್ರಣದ ಆಕ್ಷೇಪ: 1948ರವರೆಗೆ ಈ ಸೀಮೆಯು ನಿಜಾಮನ ಆಳ್ವಿಕೆಯಲ್ಲಿದ್ದು, ಕಚೇರಿಯ ಭಾಷೆ ಉರ್ದುವಾಗಿದ್ದಿತು. ಇಲ್ಲಿಯ 'ಜಲ್ದಿ'ಗೆ ನಗುವ ಮೈಸೂರಿನವರು ತಮ್ಮ 'ಅರ್ಜಿ', 'ವಕೀಲ', 'ಜಮೀನು'ಗಳನ್ನು ಮರೆಯುವರು.

ರಾಷ್ಟ್ರಕೂಟರ ಮಾನ್ಯಖೇಟವು ಸೇಡಂ ತಾಲೂಕಿನ ಮಳಖೇಡವೇ ಆದುದರಿಂದ ಇಲ್ಲಿಯದೇ ಶುದ್ಧ ಕನ್ನಡವೆಂಬ ಪ್ರತಿವಾದವೂ ನಿಲ್ಲದು. ನೃಪತುಂಗನ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡದ ತಿರುಳಿಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳನ್ನು ಹೆಸರಿಸುವುದೇ ಹೊರತು ರಾಜಧಾನಿಯನ್ನಲ್ಲ. ದೇಸಿಭೇದಗಳು ಎಣಿಕೆಗೆ ಸಿಲುಕವೆಂಬುದೂ ಆ ಗ್ರಂಥದ ಅಭಿಪ್ರಾಯ. ಕಾಂಬೋಜರು 'ಶವತಿ'ಯನ್ನು ಗಮನಾರ್ಥದಲ್ಲಿ ಆಡುವರೆಂದೂ ಆರ್ಯರಲ್ಲಿ 'ಶವ' ಎಂಬುದು ಮಾತ್ರವಿದೆಯೆಂದೂ ಪತಂಜಲಿಯು ಮಹಾಭಾಷ್ಯದಲ್ಲಿ ಗುರುತಿಸಿರುವನು. ಕಾಂಬೋಜರನ್ನು ನೋಡಿ ನಕ್ಕಿಲ್ಲ.